ತವರಿನ ರುಚಿಗೆ ಪರವಾನಗಿ

ಜಮೈಕಾದ ಗ್ರೇಸ್‌ಕೆನಡಿ ಕಂಪನಿಯ ಬಗ್ಗೆ ಬರೆಯುವವರೆಲ್ಲ ಹೆಚ್ಚುಕಮ್ಮಿ ಒಂದೇ ಹರಕೆ ಒಪ್ಪಿಸುತ್ತಾರೆ. 1922ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಶುರುವಾದ ಒಂದು ವ್ಯಾಪಾರಿ ಸಂಸ್ಥೆ, ಲಂಡನ್, ಟೊರಾಂಟೊ, ನ್ಯೂಯಾರ್ಕ್‌ಗಳಿಗೆ ಚದುರಿಹೋದ ತನ್ನ ನಾಡಿನವರನ್ನು ಹುಡುಕಿಕೊಂಡು ಹೋಗಿ ತವರಿನ ಊಟ ಬಡಿಸಿತು, ದ್ವೀಪದ ರುಚಿ ಕಾಪಾಡಿತು, ಸಂಸ್ಕೃತಿಯ ರಾಯಭಾರಿಯಾಯಿತು. ವ್ಯಾಪಾರದ ಪುಟಗಳು ಇದನ್ನೇ ಬರೆಯುತ್ತವೆ, ಡಯಾಸ್ಪೊರಾ ಅಧ್ಯಯನದವರು ಇದಕ್ಕೆ ಒಂದಿಷ್ಟು ಸಿದ್ಧಾಂತದ ಒಗ್ಗರಣೆ ಹಾಕುತ್ತಾರೆ. ಕಂಪನಿ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಯಾವುದರಲ್ಲಿ ದೊಡ್ಡದು ಎಂಬುದನ್ನು ಈ ಹೊಗಳುಭಟರು ಸರಿಯಾಗಿ ನೋಡಿಯೇ ಇಲ್ಲ. ಕೆರಿಬಿಯನ್ ಕಂಪನಿಗಳು ಹೊರನಾಡಿನಲ್ಲಿ ಗೆದ್ದದ್ದು ತವರಿನ ಪ್ರೀತಿಯಿಂದಲ್ಲ, ಪರದೇಶದ ಪರವಾನಗಿ ಗಿಟ್ಟಿಸುವ ಜಾಣ್ಮೆಯಿಂದ. ಪರವಾನಗಿ ಕೈಲಿದ್ದವನೇ ಬೆಲೆಯನ್ನೂ ಕಟ್ಟುತ್ತಾನೆ. ಪ್ರೀತಿಯ ಮಾತು ಈ ಎರಡನೆಯ ಸಂಗತಿಯನ್ನು ಮರೆಮಾಚುತ್ತದೆ.

ಹಿನ್ನೆಲೆ ಗೊತ್ತಿರುವುದೇ. 1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತ ವಿಂಡ್‌ರಷ್ ಹಡಗು ಇಂಗ್ಲೆಂಡಿನ ಟಿಲ್ಬರಿಗೆ ಬಂದದ್ದು, 1965ರ ವಲಸೆ ಕಾಯಿದೆ ಅಮೆರಿಕದ ಬಾಗಿಲು ತೆರೆದದ್ದು, ನರ್ಸುಗಳು, ಬಸ್ ಕಂಡಕ್ಟರುಗಳು, ಮನೆಗೆಲಸದವರು ಬ್ರಿಕ್ಸ್‌ಟನ್‌ನಲ್ಲೂ ಬ್ರೂಕ್ಲಿನ್‌ನಲ್ಲೂ ನೆಲೆ ಕಂಡದ್ದು, ಇವನ್ನೆಲ್ಲ ಮತ್ತೆ ಹೇಳಬೇಕಿಲ್ಲ. ನೇರವಾಗಿ ಒಂದು ಡಬ್ಬಿಗೆ ಬರೋಣ.

ಡಬ್ಬಿಯಲ್ಲಿರುವುದು ಆಕಿ. ನಮ್ಮ ಅಂಟುವಾಳದ, ಲಿಚಿಯ ಕುಟುಂಬಕ್ಕೆ ಸೇರಿದ ಮರದ ಹಣ್ಣು. ಮೂಲ ಪಶ್ಚಿಮ ಆಫ್ರಿಕ. ಗುಲಾಮರ ವ್ಯಾಪಾರದ ಕಾಲದಲ್ಲಿ, ಹದಿನೆಂಟನೆಯ ಶತಮಾನದಲ್ಲಿ, ಜಮೈಕಾಕ್ಕೆ ಬಂತು. ಉಪ್ಪುಮೀನಿನ ಜೊತೆ ಬೇಯಿಸಿದರೆ ಅದೇ ಆ ದೇಶದ ರಾಷ್ಟ್ರೀಯ ಖಾದ್ಯ. ಆ ಮೀನು ಕೂಡ ದ್ವೀಪದ್ದಲ್ಲ, ಕೆನಡಾ ನಾರ್ವೆಗಳ ತಣ್ಣನೆಯ ಕಡಲಿನದು. ಬ್ರಿಟನ್ನಿನ ಅಂಗಡಿಯಲ್ಲಿ ಸಿಗುವ ಮಾಮೂಲು ಡಬ್ಬಿ 540 ಗ್ರಾಂ. ನೀರು ಬಸಿದರೆ ಉಳಿಯುವುದು 280 ಗ್ರಾಂ. ಅಂದರೆ ಹೆಚ್ಚುಕಮ್ಮಿ ಅರ್ಧ ಡಬ್ಬಿ ಉಪ್ಪುನೀರು. ಪಕ್ಕದಲ್ಲೇ ಇರುವ ಬೀನ್ಸ್ ಡಬ್ಬಿಯ ಹಲವು ಪಟ್ಟು ಬೆಲೆ ಕೊಟ್ಟು ಇದನ್ನು ಒಯ್ಯುತ್ತಾರೆ. ಒಳಗಿನ ಹಳದಿ ತೊಳೆಗಳು ಮೊಟ್ಟೆ ಬುರ್ಜಿಯಂತೆ ಕಾಣುತ್ತವೆ, ಸೌಟು ಸ್ವಲ್ಪ ಜೋರಾಗಿ ಆಡಿಸಿದರೂ ಕಲಸಿಹೋಗುತ್ತವೆ.

ಬೆಲೆ ಇಷ್ಟೇಕೆ? ತವರಿನ ಹಂಬಲ ಎಂದು ಸುಲಭವಾಗಿ ಹೇಳಿಬಿಡಬಹುದು, ಬಹಳ ಜನ ಹೇಳಿದ್ದಾರೆ ಕೂಡ. ಹಣ್ಣನ್ನೇ ನೋಡಿ. ಅದು ಮರದಲ್ಲೇ ಕೆಂಪಗಾಗಿ ತಾನಾಗಿ ಬಾಯಿ ಬಿಡಬೇಕು. ಒಳಗೆ ಮಿರಮಿರ ಮಿಂಚುವ ಕಪ್ಪು ಬೀಜ, ಅದಕ್ಕೆ ಕಚ್ಚಿಕೊಂಡ ಕೆನೆಬಣ್ಣದ ತೊಳೆ. ತಿನ್ನುವುದು ತೊಳೆಯನ್ನು ಮಾತ್ರ. ಬೀಜ ಕಳಚಿ, ತೊಳೆಯ ಮಡಿಕೆಯೊಳಗಿನ ಕೆಂಪು ನಾರು ಬಿಡಿಸಿ, ಬೇಯಿಸಿ, ಬೇಯಿಸಿದ ನೀರು ಚೆಲ್ಲಬೇಕು. ಬಾಯಿ ಬಿಡುವ ಮುಂಚೆ ಕಿತ್ತ ಹಣ್ಣಿನಲ್ಲಿ ಹೈಪೊಗ್ಲೈಸಿನ್ ಎಂಬ ವಿಷವಿರುತ್ತದೆ. ರಕ್ತದ ಸಕ್ಕರೆ ಕುಸಿದು, ವಾಂತಿ ಹತ್ತಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಜಮೈಕಾದ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾಗಿ ಬಂದದ್ದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ. 1970ರ ದಶಕದ ಆದಿಯಿಂದ 2000ದವರೆಗೆ, ಕಾಲು ಶತಮಾನಕ್ಕೂ ಹೆಚ್ಚು ಕಾಲ, ಆಕಿ ಆ ದೇಶದೊಳಗೆ ಬರದಂತೆ ಅದು ತಡೆದಿತ್ತು. ನ್ಯೂಯಾರ್ಕಿನ ಜಮೈಕನ್ನರಿಗೆ ರಾಷ್ಟ್ರೀಯ ಖಾದ್ಯವೆಂದರೆ ಕಳ್ಳಮಾಲು.

2000ದಲ್ಲಿ ಬಾಗಿಲು ತೆರೆಯಿತು, ಆದರೆ ಎಲ್ಲರಿಗೂ ಅಲ್ಲ. ಯಾವ ಕಾರ್ಖಾನೆ ಹಣ್ಣು ಆಯುವುದರಿಂದ ಹಿಡಿದು ಡಬ್ಬಿಗೆ ಮುಚ್ಚಳ ಬೀಳುವವರೆಗೆ ಪ್ರತಿ ಹಂತದ ಅಪಾಯವನ್ನು ಗುರುತಿಸಿ, ತಡೆದು, ದಾಖಲೆ ಇಟ್ಟು ತೋರಿಸುತ್ತದೋ ಅದಕ್ಕೆ ಮಾತ್ರ ಅಮೆರಿಕದವರ ಹಸಿರು ಪಟ್ಟಿಯಲ್ಲಿ ಜಾಗ. ಪಟ್ಟಿಯಲ್ಲಿ ಹೆಸರಿಲ್ಲದವನ ಸರಕು ಬಂದರಿನಲ್ಲೇ ನಿಲ್ಲುತ್ತದೆ, ಅದು ಎಷ್ಟೇ ಚೆನ್ನಾಗಿ ಬಾಯಿ ಬಿಟ್ಟ ಹಣ್ಣಾಗಿರಲಿ. ಈ ಪಟ್ಟಿಗೆ ಸೇರುವ ಕೆಲಸವಿದೆಯಲ್ಲ, ಅದನ್ನೇ ನಾನು ಸಾಧನೆ ಎನ್ನುವುದು. ಪ್ರಯೋಗಾಲಯ, ತರಬೇತಿ, ತಪಾಸಣೆ, ಲೆಕ್ಕಪತ್ರ. ಬೇಸರ ತರಿಸುವ, ಯಾರೂ ಹಾಡು ಕಟ್ಟದ ಕೆಲಸ. ಅಜ್ಜಿಗೆ ಕಣ್ಣಳತೆಯಲ್ಲಿ ಗೊತ್ತಿದ್ದದ್ದನ್ನು ಪರದೇಶದ ಅಧಿಕಾರಿ ಒಪ್ಪುವ ಅಳತೆಗೆ ತಂದುಕೊಟ್ಟದ್ದು ಜಮೈಕಾದ ಕಾರ್ಖಾನೆಗಳ ನಿಜವಾದ ಜಾಣತನ. ಸಂಸ್ಕೃತಿಯ ರಾಯಭಾರದ ಬಗ್ಗೆ ಪುಟಗಟ್ಟಲೆ ಬರೆದವರು ಈ ಪಟ್ಟಿಯ ಕಡೆ ಕಣ್ಣು ಹಾಯಿಸುವುದೂ ಅಪರೂಪ.

ಇದೇ ಡಬ್ಬಿಯಲ್ಲಿ ಆಕ್ಷೇಪವೂ ಇದೆ. ಜಮೈಕಾದ ಆಕಿ ಬಹುಮಟ್ಟಿಗೆ ಹಿತ್ತಲ ಮರಗಳದ್ದು. ಸಾಲಾಗಿ ನೆಟ್ಟ ತೋಟಗಳು ಈಚಿನವು, ಕಡಿಮೆ. ಪರವಾನಗಿ ಸಿಗುವುದು ಕಾರ್ಖಾನೆಗೆ, ಮರಕ್ಕಲ್ಲ. ಹಿತ್ತಲಲ್ಲಿ ಮರವಿದ್ದವರು ವಿದೇಶದ ಬೆಲೆ ಮುಟ್ಟಬೇಕಾದರೆ ಆ ಕೆಲವೇ ಗೇಟುಗಳ ಮುಂದೆ ನಿಲ್ಲಬೇಕು, ಗೇಟಿನವರು ಹೇಳಿದ ದರಕ್ಕೆ ತೂಗಬೇಕು. ಅತ್ತ ನ್ಯೂಯಾರ್ಕಿನ ಗಿರಾಕಿಗೂ ಬೇರೆ ದಾರಿಯಿಲ್ಲ. ಎರಡೂ ತುದಿಯಲ್ಲಿ ಜಮೈಕನ್ನರೇ, ನಡುವೆ ಒಂದು ಕಿರಿದಾದ ಬಾಗಿಲು. ಬಾಗಿಲು ಕಾಯುವವನನ್ನು ತಾಯಿಯೆಂದು ಕರೆದರೆ ಅವನಿಗೆ ಬೇಸರವೇನೂ ಆಗದು.

ಗ್ರೇಸ್ ಹೆಸರಿನದೇ ಇನ್ನೊಂದು ಡಬ್ಬಿಯಿದೆ: ಕಾರ್ನ್ಡ್ ಬೀಫ್. ದ್ವೀಪದವರಿಗೂ ಹೊರನಾಡಿನವರಿಗೂ ಇದು ಬಾಲ್ಯದ ರುಚಿ, ಬಿರುಗಾಳಿಯ ದಿನಗಳ ಆಪದ್ಧನ. ಮಾಂಸ ಬರುವುದು ಬ್ರೆಜಿಲ್‌ನಿಂದ. 2017ರಲ್ಲಿ ಬ್ರೆಜಿಲ್‌ನ ಮಾಂಸ ಹಗರಣ ಹೊರಬಿದ್ದಾಗ ಜಮೈಕಾ ಸರ್ಕಾರ ಈ ಡಬ್ಬಿಗಳನ್ನು ಕೆಲಕಾಲ ಅಂಗಡಿಗಳಿಂದ ತೆಗೆಸಬೇಕಾಯಿತು. ಇದನ್ನು ವಂಚನೆ ಎನ್ನಲಾರೆ. ಲೇಬಲ್ ತಿರುಗಿಸಿದರೆ ಗೊತ್ತಾಗುತ್ತದೆ. ಆದರೆ ದ್ವೀಪದ ಮಣ್ಣಿನ ರುಚಿ ಎಂದು ಭಾಷಣ ಮಾಡುವವರು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು.

ಇಲ್ಲಿ ಇಬ್ಬರೊಡನೆ ಜಗಳ ತೆಗೆಯದೆ ವಿಧಿಯಿಲ್ಲ. ಮೊದಲನೆಯವರು ಅಪ್ಪಟತನದ ಕಾವಲುಗಾರರು. ನ್ಯೂಯಾರ್ಕಿನ ಬ್ರಾಂಕ್ಸ್‌ನ ಗೋಲ್ಡನ್ ಕ್ರಸ್ಟ್ ಬೇಕರಿಯ ಪ್ಯಾಟಿ (ಹಿಟ್ಟಿನ ಕವಚದೊಳಗೆ ಮಾಂಸ ತುಂಬಿದ ತಿನಿಸು) ಕಾರ್ಖಾನೆಯದು, ಫ್ರೀಜರಿನದು, ಆದ್ದರಿಂದ ಸುಳ್ಳು ಎನ್ನುವುದು ಇವರ ವಾದ. ಪ್ಯಾಟಿಯ ಹುಟ್ಟು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಅದರ ಹಿಟ್ಟಿನ ಕವಚಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪೇಸ್ಟಿಯ ನೆಂಟು, ಒಳಗಿನ ಮಸಾಲೆಗೆ 1845ರಿಂದ ಹಡಗು ಹತ್ತಿದ ಭಾರತದ ಗಿರ್ಮಿಟಿಯಾ ಕೂಲಿಗಳ ನೆಂಟು, ಖಾರಕ್ಕೆ ದ್ವೀಪದ ಸ್ಕಾಚ್ ಬಾನೆಟ್ ಮೆಣಸಿನಕಾಯಿ. ಇಂಥ ಬೆರಕೆಗೆ ಯಾವ ಅಪ್ಪಟತನ ಹುಡುಕುವುದು? ಇನ್ನೂ ಮುಖ್ಯವಾದದ್ದು ಕಾನೂನು. ಅಮೆರಿಕಕ್ಕೆ ಗೋಮಾಂಸ ಕಳಿಸಬಹುದಾದ ದೇಶಗಳ ಪಟ್ಟಿಯಲ್ಲಿ ಜಮೈಕಾ ಇಲ್ಲ. ನ್ಯೂಯಾರ್ಕಿನಲ್ಲಿ ಬೀಫ್ ಪ್ಯಾಟಿ ಮಾರಬೇಕಾದವರು ಅದನ್ನು ಅಲ್ಲೇ, ಅಲ್ಲಿನ ತಪಾಸಣೆಯಡಿ ತಯಾರಿಸಬೇಕು. ಕಿಂಗ್‌ಸ್ಟನ್‌ನ ಒಲೆಯಿಂದ ಬಂದದ್ದೇ ಬೇಕೆನ್ನುವ ರಸಿಕರು ಕಾನೂನು ಓದಿದವರಲ್ಲ. ಟೊರಾಂಟೊದಲ್ಲಿ 1985ರಲ್ಲಿ ನಡೆದದ್ದು ಇನ್ನೂ ಸೊಗಸು. ಕೆನಡಾದ ನಿಯಮದ ಪ್ರಕಾರ ಬೀಫ್ ಪ್ಯಾಟಿ ಎಂದರೆ ಹ್ಯಾಂಬರ್ಗರ್‌ನೊಳಗಿನ ಮಾಂಸದ ಬಿಲ್ಲೆ ಮಾತ್ರ. ಹಿಟ್ಟಿನ ಕವಚವಿದ್ದರೆ ಆ ಹೆಸರು ಇಡಕೂಡದು ಎಂದು ಅಧಿಕಾರಿಗಳು ಅಂಗಡಿಗಳಿಗೆ ತಾಕೀತು ಮಾಡಿದರು. ಅಂಗಡಿಯವರು ಬಗ್ಗಲಿಲ್ಲ, ವಿಷಯ ಪತ್ರಿಕೆಗಳಿಗೆ ಹೋಯಿತು, ಕೊನೆಗೆ ಜಮೈಕನ್ ಪ್ಯಾಟಿ ಎಂಬ ಹೆಸರಿಗೆ ರಾಜಿಯಾಯಿತು. ಸಣ್ಣ ಅಂಗಡಿಗಳು ಹೂಡಿದ ಈ ಹೋರಾಟ ನನ್ನ ಮಟ್ಟಿಗೆ ಎಷ್ಟೋ ದೊಡ್ಡ ಕಂಪನಿಗಳ ಜಾಹೀರಾತಿಗಿಂತ ತೂಕದ್ದು.

ಎರಡನೆಯವರು ಅಭಿವೃದ್ಧಿ ಅರ್ಥಶಾಸ್ತ್ರದವರು. ವಲಸಿಗರು ತವರಿನ ಸರಕು ಕೊಳ್ಳುವುದನ್ನು ಹಂಬಲದ ವ್ಯಾಪಾರವೆಂದು ಗುರುತಿಸಿ, ಹಣ ರವಾನೆ, ಪ್ರವಾಸ, ಸಾರಿಗೆ, ದೂರಸಂಪರ್ಕಗಳ ಜೊತೆ ಅದನ್ನೂ ತವರಿನ ಆರ್ಥಿಕತೆಯ ಆಧಾರಗಳ ಸಾಲಿಗೆ ಸೇರಿಸಿದವರು ಮಾನ್ಯುಯೆಲ್ ಒರೋಸ್ಕೊ. ಆ ವಿಂಗಡಣೆ ಉಪಯುಕ್ತ, ನಾನೂ ಬಳಸುತ್ತೇನೆ. ಆದರೆ ಅವರ ಹಿಂದೆ ಬಂದವರು ಮಾಡಿದ ಕಲಸುಮೇಲೋಗರ ನೋಡಿ. ಗೋಲ್ಡನ್ ಕ್ರಸ್ಟ್ ಅನ್ನು 1989ರಲ್ಲಿ ಕಟ್ಟಿದ ಲೋವೆಲ್ ಹಾಥಾರ್ನ್ ಮತ್ತು ಅವರ ಒಡಹುಟ್ಟಿದವರು ಬ್ರಾಂಕ್ಸ್‌ನ ವಲಸಿಗರು. ಹೆತ್ತವರ ಬೇಕರಿ ಜಮೈಕಾದಲ್ಲಿತ್ತು, ನಿಜ. ಆದರೆ ದುಡಿಮೆ, ಸಾಲ, ತೆರಿಗೆ ಎಲ್ಲ ಅಮೆರಿಕದ್ದು. ಗ್ರೇಸ್‌ಕೆನಡಿ ಕಿಂಗ್‌ಸ್ಟನ್‌ನಿಂದ ಹೊರಟ ಬಂಡವಾಳ. ಮೊದಲನೆಯದರ ಲಾಭ ಬ್ರಾಂಕ್ಸ್‌ನಲ್ಲಿ ಉಳಿಯುತ್ತದೆ, ಎರಡನೆಯದರ ಲಾಭ ಕಿಂಗ್‌ಸ್ಟನ್‌ಗೆ ಮರಳಬಹುದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ತವರಿಗೆ ಅನುಕೂಲ ಎಂದು ಷರಾ ಬರೆದರೆ ಅದು ಅರ್ಥಶಾಸ್ತ್ರವಲ್ಲ, ಸ್ವಾಗತ ಭಾಷಣ.

ಗ್ರೇಸ್‌ಕೆನಡಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. 1995ರಲ್ಲೇ, 2020ರ ಹೊತ್ತಿಗೆ ಜಾಗತಿಕ ಕಂಪನಿಯಾಗುವ ಗುರಿ ಇಟ್ಟುಕೊಂಡು ಅದನ್ನು ಬಹಿರಂಗವಾಗಿ ಸಾರಿತು. 2007ರಲ್ಲಿ ಬ್ರಿಟನ್ನಿನ ಡಬ್ಲ್ಯುಟಿ ಫುಡ್ಸ್ ಅನ್ನು ಕೊಂಡಿತು. ಎಂಕೋನಾ ಖಾರದ ಸಾಸ್ ಜೊತೆಗೆ, ಜಮೈಕಾದ ಜಲಪಾತದ ಹೆಸರು ಹೊತ್ತ ಡನ್ಸ್ ರಿವರ್ ಬ್ರ್ಯಾಂಡ್ ಕೂಡ ಆಗ ಅದರ ಕೈಗೆ ಬಂತು. ಹಳೆಯ ವಸಾಹತಿನ ಕಂಪನಿಯೊಂದು ಆಳಿದವರ ದೇಶಕ್ಕೇ ಹೋಗಿ ತನ್ನ ಜಲಪಾತದ ಹೆಸರನ್ನು ದುಡ್ಡು ಕೊಟ್ಟು ಬಿಡಿಸಿಕೊಂಡದ್ದು ಸಣ್ಣ ಮಾತಲ್ಲ. 2014ರಲ್ಲಿ ಅಮೆರಿಕದ ಲಾ ಫೆ ಕಂಪನಿಯನ್ನು ಕೊಂಡಿತು. ಅದರ ಗಿರಾಕಿಗಳು ಸ್ಪ್ಯಾನಿಷ್ ಮಾತಾಡುವ ಲ್ಯಾಟಿನ್ ಅಮೆರಿಕನ್ನರು. ತನ್ನವರಿಗೆ ಮಾತ್ರ ಬಡಿಸಲು ಹೊರಟವರು ಇದನ್ನು ಕೊಳ್ಳುತ್ತಿರಲಿಲ್ಲ. ಹೊಗಳುವವರಿಗಿಂತ ಕಂಪನಿಯೇ ಪ್ರಾಮಾಣಿಕ: ಹಂಬಲ ಯಾರದಾದರೂ ಸರಿ, ಮಾರಬಹುದು ಎಂದು ಅದಕ್ಕೆ ಗೊತ್ತು.

ಅಡುಗೆಮನೆಯ ಗದ್ದಲದಲ್ಲಿ ವಿಮರ್ಶಕರ ಕಣ್ಣಿಗೆ ಬೀಳದೇ ಹೋದದ್ದು ಹಣದ ಕೌಂಟರ್. ಗ್ರೇಸ್‌ಕೆನಡಿ 1990ರಿಂದ ಜಮೈಕಾದಲ್ಲಿ ಹಣ ರವಾನೆಯ ವೆಸ್ಟರ್ನ್ ಯೂನಿಯನ್‌ನ ಪ್ರತಿನಿಧಿ. ಹೊರಗಿದ್ದವರು ಮನೆಗೆ ಕಳಿಸುವ ಹಣ ಈಚಿನ ವರ್ಷಗಳಲ್ಲಿ ವರ್ಷಕ್ಕೆ 300 ಕೋಟಿ ಡಾಲರ್ ದಾಟಿದೆ. ಲಂಡನ್ನಿನ ಮಗಳು ಗ್ರೇಸ್‌ನ ಡಬ್ಬಿ ಕೊಳ್ಳುತ್ತಾಳೆ. ಅವಳು ಕಳಿಸಿದ ದುಡ್ಡನ್ನು ತಾಯಿ ಬಿಡಿಸಿಕೊಳ್ಳುವುದು ಅದೇ ಕಂಪನಿಯ ಕೌಂಟರಿನಲ್ಲಿ, ಆ ದುಡ್ಡಿನಿಂದ ಸಾಮಾನು ಕೊಂಡರೆ ಅದರಲ್ಲೂ ಗ್ರೇಸ್‌ನ ಡಬ್ಬಿ ಇರಬಹುದು. ಹೋಗುವಾಗಲೂ ಬರುವಾಗಲೂ ಕಮಿಷನ್. ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟದ್ದು 1874ರ ಬಿಲ್ಡಿಂಗ್ ಸೊಸೈಟಿಯಿಂದ ಬೆಳೆದ ಜಮೈಕಾ ನ್ಯಾಷನಲ್. 2020ರಲ್ಲಿ ಅದು ಬ್ರಿಟನ್ನಿನಲ್ಲೇ ಬ್ಯಾಂಕ್ ತೆರೆಯಿತು. ವಿಂಡ್‌ರಷ್ ತಲೆಮಾರಿನವರಿಗೆ ಇಂಗ್ಲಿಷ್ ಬ್ಯಾಂಕುಗಳು ಸಾಲ ಕೊಡದಿದ್ದಾಗ ಅವರು ಪಾರ್ಡ್ನರ್ ಎಂಬ ಚೀಟಿ ಹಾಕಿ, ಸರದಿಯ ಮೇಲೆ ಹಣ ಎತ್ತಿ ಮನೆ ಕೊಂಡವರು. ಅಂಥವರ ಮೊಮ್ಮಕ್ಕಳಿಗೆ ಆ ದೇಶದ ನಿಯಂತ್ರಕರ ಒಪ್ಪಿಗೆ ಪಡೆದು ಬ್ಯಾಂಕ್ ತೆರೆಯುವುದು ಆಕಿ ಡಬ್ಬಿಯಷ್ಟೇ ಕಷ್ಟದ ಪರವಾನಗಿ. ಇದರ ಬಗ್ಗೆ ಬಂದ ಗಂಭೀರ ಬರಹಗಳು ಪ್ಯಾಟಿಯ ಬಗ್ಗೆ ಬಂದವುಗಳ ಮುಂದೆ ಏನೇನೂ ಅಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟು. ಗ್ರೇಸ್‌ಕೆನಡಿ ಮತ್ತು ಅದರ ಸಾಲಿನ ಕಂಪನಿಗಳು ಮೊದಲ ದರ್ಜೆಯ ವ್ಯಾಪಾರಿಗಳು. ದೊಡ್ಡ ದೇಶಗಳ ಕಾನೂನನ್ನು ಪುಟ್ಟ ದ್ವೀಪದಿಂದ ಹೋಗಿ ಅರಗಿಸಿಕೊಂಡದ್ದಕ್ಕೆ ಅವರಿಗೆ ಪೂರ್ತಿ ಅಂಕ. ಸಂಸ್ಕೃತಿ ರಕ್ಷಕರೆಂಬ ಬಿರುದನ್ನು ಮಾತ್ರ ವಾಪಸು ಪಡೆಯಬೇಕು, ಏಕೆಂದರೆ ಆ ಬಿರುದು ಇರುವವರೆಗೂ ಡಬ್ಬಿಯ ಬೆಲೆಯನ್ನು, ಕೌಂಟರಿನ ಕಮಿಷನ್ನನ್ನು ಕೇಳಿದವರು ತವರಿನ ದ್ರೋಹಿಗಳಂತೆ ಕಾಣುತ್ತಾರೆ. ಹಿತ್ತಲಲ್ಲಿ ಆಕಿ ಮರವಿದ್ದವರಿಗೆ ತೂಕಕ್ಕೆ ಎಷ್ಟು ಸಿಕ್ಕಿತು ಎಂದು ವಾರ್ಷಿಕ ವರದಿಯ ಮುಖಪುಟದಲ್ಲಿ ಹಾಕುವ ಕಂಪನಿ ಬಂದ ದಿನ, ರಾಯಭಾರದ ಮಾತನ್ನು ನಾನೂ ಕೇಳಲು ತಯಾರಿದ್ದೇನೆ.