ಕುರಿಗಾಹಿಗಳ ಗ್ರಂಥ, ತೋಟದವರ ಓದು

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಂಡೆಯ ಮೇಲೆ ಅಶೋಕ ಕೊರೆಸಿದ ಮಾತುಗಳಲ್ಲಿ ತಂದೆತಾಯಿಯ ಸೇವೆ, ಸತ್ಯದ ಜೊತೆಗೆ ಪ್ರಾಣಿದಯೆಯೂ ಇದೆ. ಬಿ.ಎಲ್. ರೈಸ್ 1892ರಲ್ಲಿ ಈ ಶಾಸನವನ್ನೂ ಪಕ್ಕದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದವನ್ನೂ ಬೆಳಕಿಗೆ ತಂದರು. ಅದಕ್ಕೂ ಬಹಳ ಮೊದಲೇ, 1810ರಲ್ಲಿ, ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ನೆರೆಯ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. ಆ ಅನುವಾದಕ್ಕೆ ಬಳ್ಳಾರಿ ಸೀಮೆಗಿಂತ ತಕ್ಕ ಜಾಗ ಇರಲಿಲ್ಲ. ಬಾವಿಗಾಗಿ ಜಗಳ, ಮಳೆ ಕೈಕೊಟ್ಟ ವರ್ಷ, ಮೇವು ಹುಡುಕಿ ಹೊರಟ ಮಂದೆ: ಹಳೆಯ ಒಡಂಬಡಿಕೆಯ ಈ ಸಂಗತಿಗಳನ್ನು ಚಳ್ಳಕೆರೆಯ ಕಂಬಳಿ ಸಂತೆಗೆ ಬರುವವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಆದರೆ ಕರ್ನಾಟಕದಲ್ಲಿ ಕ್ರೈಸ್ತರ ಪ್ರಕೃತಿಚಿಂತನೆ ಬೆಳೆದದ್ದು ಈ ಒಣಸೀಮೆಯಲ್ಲಲ್ಲ. ಅದು ಬೆಳೆದದ್ದು ಕರಾವಳಿಯ ಗದ್ದೆಬಯಲಿನಲ್ಲಿ, ಕೊಡಗಿನ ಕಾಫಿ ತೋಟದಲ್ಲಿ, ಬೆಂಗಳೂರಿನ ದೇವಶಾಸ್ತ್ರ ಕಾಲೇಜುಗಳಲ್ಲಿ. ಹಾಗಾಗಿ ಕುರಿಗಾಹಿಗಳ ಗ್ರಂಥವನ್ನು ನಮ್ಮಲ್ಲಿ ತೋಟದವರು ಓದಿದರು ಎಂಬುದು ನನ್ನ ತಕರಾರು.

1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್, ಪರಿಸರ ಬಿಕ್ಕಟ್ಟಿನ ಬೇರು ಮನುಷ್ಯನಿಗೆ ಭೂಮಿಯ ಮೇಲೆ ಒಡೆತನ ಕೊಟ್ಟ ಕ್ರೈಸ್ತ ಕಲ್ಪನೆಯಲ್ಲಿದೆ ಎಂದು ಬರೆದ. ಅಂದಿನಿಂದ ದೇವಶಾಸ್ತ್ರಜ್ಞರು ಆದಿಕಾಂಡದ ಎರಡನೇ ಅಧ್ಯಾಯವನ್ನು ಮುಂದಿಟ್ಟು ಉತ್ತರ ಕೊಡುತ್ತಲೇ ಇದ್ದಾರೆ: ಮನುಷ್ಯ ಒಡೆಯನಲ್ಲ, ತೋಟ ಕಾಯಲು ನೇಮಕವಾದ ಮೇಲ್ವಿಚಾರಕ. ಬೆಂಗಳೂರಿನ ಕೆನ್ ಜ್ಞಾನಕಣ್ ಇದೇ ವಿಷಯದ ಮೇಲೆ ಪುಸ್ತಕ ಬರೆದರು. ಉತ್ತರ ಪ್ರಾಮಾಣಿಕವೇ. ಆದರೆ ಮೇಲ್ವಿಚಾರಕನಿಗೆ ಕಾಣುವುದು ಬೇಲಿಯೊಳಗಿನ ತೋಟ ಮಾತ್ರ. ಬೇಲಿಯಿಲ್ಲದ ಹುಲ್ಲುಗಾವಲಿಗೆ ಬಂದರೆ ಅವನೂ ಕಂದಾಯ ಇಲಾಖೆಯ ಹಾಗೆ ಅದನ್ನು ಬಂಜರು ಎಂದೇ ಕರೆದಾನು.

ಮಿಷನರಿಗಳ ಲೆಕ್ಕವೂ ಇದೇ ಬಗೆಯದು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ, ಮತಾಂತರವಾಗಿ ಜಾತಿಯಿಂದ ಹೊರಬಿದ್ದವರಿಗೆ ಕೂಲಿ ಕೊಟ್ಟಿತು, ಹುಲ್ಲುಮಾಡನ್ನು ಬೆಂಕಿಯ ಭಯದಿಂದ ಬಿಡಿಸಿತು. ಅದೇ ಉದ್ಯಮ ಹೊಳೆದಂಡೆಯ ಜೇಡಿಯನ್ನೂ ಕಾಡಿನ ಸೌದೆಯನ್ನೂ ತಿಂದಿತು. ಇದನ್ನು ಪಾಪ ಎನ್ನಲು ನನಗೆ ಮನಸ್ಸಿಲ್ಲ. ಹಸಿದವನ ಕೂಲಿಯ ಮುಂದೆ ಸೌದೆಯ ಲೆಕ್ಕ ಯಾರೂ ಕೇಳಿರಲಿಲ್ಲ.

ಈ ಪರಂಪರೆ ನಿಜಕ್ಕೂ ಗಟ್ಟಿಯಾಗಿರುವುದು ಸೃಷ್ಟಿಯ ಬಗ್ಗೆ ದೊಡ್ಡ ಮಾತು ಆಡದ ಕಡೆಗಳಲ್ಲಿ. ಕರಾವಳಿಯ ಕ್ಯಾಥೊಲಿಕರ ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ನೋಡಿ. ಮಕ್ಕಳು ಮಾತೆ ಮರಿಯಳಿಗೆ ಹೂ ಸಮರ್ಪಿಸುತ್ತಾರೆ, ಚರ್ಚಿನಲ್ಲಿ ಹರಸಿದ ತೆನೆ ಮನೆಗೆ ಬರುತ್ತದೆ, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ, ಊಟ ಪೂರ್ತಿ ಸಸ್ಯಾಹಾರ. ತುಳುನಾಡಿನ ಹೊಸ್ತು ಹಬ್ಬಕ್ಕೆ ಅದರ ನಂಟು ಎದ್ದು ಕಾಣುತ್ತದೆ. ಗದ್ದೆ ಮಾರಿದ ಮನೆಗಳಲ್ಲೂ ತೆನೆ ಬಿಟ್ಟಿಲ್ಲ. ಇಲ್ಲೇ ಅದರ ದೌರ್ಬಲ್ಯವೂ ಇದೆ: ಗದ್ದೆ ಹೋದರೂ ಹಬ್ಬ ನಿಲ್ಲದೆ ನಡೆದುಬಿಡುತ್ತದೆ.

ದೊಡ್ಡ ಮಾತು ಆಡದ ಇನ್ನೊಂದು ನಿದರ್ಶನ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದುಕೊಂಡು, ಡ್ಯಾನ್ ನಿಕೋಲ್ಸನ್ ಜೊತೆ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ತಂದರು. ಕರ್ನಾಟಕದ ಸಸ್ಯಗಳ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಬಂತು. ಕಾಗದದ ಮೇಲೆ ಒತ್ತಿ ಒಣಗಿಸಿದ ಒಂದು ರೆಂಬೆ, ಮೂಲೆಯಲ್ಲಿ ಚೀಟಿ: ಊರು, ತಾರೀಕು, ಸಂಗ್ರಹಿಸಿದವರ ಹೆಸರು. ಅಂಥ ಹಾಳೆಗಳ ರಾಶಿಯಿಂದ ಎದ್ದ ಪುಸ್ತಕಗಳು ಇವು. ಅಲ್ಲಿ ಧರ್ಮಬೋಧೆ ಹುಡುಕಿದವರಿಗೆ ಸಿಗುವುದು ಎಲೆಯ ಅಂಚು, ದಳದ ಅಳತೆ. ಹತ್ತು ಪರಿಸರ ಪ್ರವಚನಗಳಿಗಿಂತ ನನಗೆ ಈ ಚೀಟಿಯೇ ಹೆಚ್ಚು ಭಕ್ತಿಯದಾಗಿ ಕಾಣುತ್ತದೆ.

ಈಗ ಮತ್ತೆ ಒಣಸೀಮೆಗೆ, ಚಳ್ಳಕೆರೆ ಕಡೆಗೆ ಬರೋಣ. ಇಲ್ಲಿ ಶೇಂಗಾ ಕಿತ್ತ ಹೊಲದಲ್ಲಿ ಕುರಿಮಂದೆ ತರುಬುತ್ತಾರೆ. ರಾತ್ರಿಯೆಲ್ಲ ಬಿದ್ದ ಹಿಕ್ಕೆ, ಗಂಜಳ ಹೊಲಕ್ಕೆ ಗೊಬ್ಬರ. ಕುರಿಯವನಿಗೆ ಕಾಳೋ ಕಾಸೋ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರೆತ್ತುಗಳನ್ನು ಕಿಲಾರಿಗಳು ಸಾಕುತ್ತಾರೆ. ಅವನ್ನು ಉಳುಮೆಗೆ ಹೂಡುವುದಿಲ್ಲ. ಏಳನೇ ವರ್ಷ ಹೊಲವನ್ನು ಬೀಳುಬಿಡಬೇಕು, ತಾನಾಗಿ ಬೆಳೆದದ್ದು ಬಡವರಿಗೂ ಕಾಡುಮೃಗಗಳಿಗೂ ಸೇರಬೇಕು ಎಂಬ ಮೋಶೆಯ ಕಟ್ಟಳೆಗೆ ಇಷ್ಟು ಹತ್ತಿರದ ಬದುಕು ಬೇರೆಲ್ಲಿದೆ? ಆ ಕಟ್ಟಳೆಯನ್ನು ದನಕುರಿ ಮೇಯುವ ಕಾವಲು ಭೂಮಿಯ ಪಕ್ಕದಲ್ಲಿಟ್ಟು ಓದಿದ ಒಂದು ಗಂಭೀರ ಬರಹ ಕನ್ನಡದ ಕ್ರೈಸ್ತ ಚಿಂತನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊರತೆ ಸಣ್ಣದಲ್ಲ. ಇದೇ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹೋಯಿತು. ಗೋಡೆ ಎದ್ದಿತು, ದನಕುರಿಗಳ ದಾರಿ ಮುಚ್ಚಿತು, ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು.

ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪತ್ರ, ಭೂಮಿ ಎಲ್ಲರ ಪಿತ್ರಾರ್ಜಿತ, ಖಾಸಗಿ ಒಡೆತನದ ಹಕ್ಕು ಅದಕ್ಕೆ ಅಧೀನ ಎನ್ನುತ್ತದೆ. ಕಾವಲಿನ ಪರವಾಗಿ ನಿಲ್ಲಬಲ್ಲ ಮಾತು ಅದು. ಆದರೆ ನಮ್ಮ ಚರ್ಚುಗಳಲ್ಲಿ ಅದು ಹೆಚ್ಚಾಗಿ ಪ್ಲಾಸ್ಟಿಕ್ ತ್ಯಜಿಸುವ ಶಪಥವಾಗಿ, ಸಸಿ ನೆಡುವ ಭಾನುವಾರವಾಗಿ ಇಳಿಯುತ್ತದೆ. ಕರಾವಳಿಯಲ್ಲಿ ಸಸಿ ನೆಟ್ಟರೆ ತಪ್ಪಿಲ್ಲ. ಕೃಷ್ಣಮೃಗ ಮೇಯುವ ಕಾವಲಿನಲ್ಲಿ ಗುಂಡಿ ತೋಡಿ ಸಾಲುಮರ ನೆಟ್ಟರೆ ನೆರಳಿಗೆ ಹುಲ್ಲು ಸಾಯುತ್ತದೆ, ಹುಲ್ಲಿನ ಹಿಂದೆ ಮಂದೆಯೂ ಖಾಲಿಯಾಗುತ್ತದೆ. ಈ ಸೀಮೆಯ ಸಭೆಗಳು ಪರಿಸರ ಕಾರ್ಯಕ್ರಮ ಹಾಕಿಕೊಳ್ಳುವುದಾದರೆ ನರ್ಸರಿಗೆ ಹೋಗುವ ಮೊದಲು ಪಕ್ಕದ ಗೊಲ್ಲರಹಟ್ಟಿಗೆ ಹೋಗಿ, ಯಾವ ತಿಂಗಳು ಯಾವ ಹುಲ್ಲು ಬರುತ್ತದೆ, ಗೋಡೆ ಎದ್ದ ಮೇಲೆ ಮಂದೆ ಯಾವ ಕಡೆಯಿಂದ ಸುತ್ತಿ ಹೋಗುತ್ತಿದೆ ಎಂದು ಕೇಳಿ ಬರಲಿ.