ಅಪ್ಪನ ಬಾಯಿಯ ಕನ್ನಡ

1996ರಲ್ಲಿ ಕನ್ನಡದ ಇಬ್ಬರು ದೊಡ್ಡ ಲೇಖಕರು ತಮ್ಮ ಅಪ್ಪಂದಿರ ಲೆಕ್ಕ ಒಪ್ಪಿಸಿದರು. ಒಂದು ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’. ಇನ್ನೊಂದು ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’. ಎರಡನೆಯದು ಅಪ್ಪನ ಮೇಲೆಂದೇ ಬರೆದ ಪುಸ್ತಕವಲ್ಲ ಅನ್ನಿ. ಆದರೆ ತಮ್ಮನ ಹೆಣವನ್ನು ಹೆಗಲ ಮೇಲೆ ಹೊತ್ತು ಹುಡುಗನೊಬ್ಬ ಸುಡುಗಾಡಿಗೆ ನಡೆಯುವ ಪುಟಗಳನ್ನು ಓದಿದ ಯಾರೂ ‘ಇವರಪ್ಪ ಎಲ್ಲಿ?’ ಅಂತ ಕೇಳದೆ ಇರಲಾರರು. ‘ಗೃಹಭಂಗ’ದ (1970) ಚೆನ್ನಿಗರಾಯ ಎಲ್ಲಿಂದ ಬಂದ ಅನ್ನುವುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ. ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆದು ಮಕ್ಕಳನ್ನು ಸಾಕುತ್ತಿದ್ದರೆ, ತನ್ನ ಹೊಟ್ಟೆಯೊಂದನ್ನೇ ನೋಡಿಕೊಳ್ಳುವ ಅಪ್ಪ ಅವನು. ಈ ಕಡೆ ಕುವೆಂಪು, ಆ ಕಡೆ ಚೆನ್ನಿಗರಾಯ. ನಡುವೆ ಇರುವ ಅಪ್ಪ, ಅಂದರೆ ಮಹಾಕವಿಯೂ ಅಲ್ಲದ, ಮನೆ ಮುರಿಯುವವನೂ ಅಲ್ಲದ, ಸಂಜೆ ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಕೊತ್ತಂಬರಿ ತರಲು ಹೋಗುವವನು, ನಮ್ಮ ಪುಸ್ತಕಗಳಲ್ಲಿ ಎಷ್ಟು ಸಿಗುತ್ತಾನೆ?

ಈ ಪ್ರಶ್ನೆ ನನಗೆ ಊರಲ್ಲಿದ್ದಿದ್ದರೆ ಹುಟ್ಟುತ್ತಿರಲಿಲ್ಲ. ನಾನಿರುವುದು ಪುಣೆಯ ಪೂರ್ವದ ಅಂಚಿನ ಖರಾಡಿಯಲ್ಲಿ. ನಗರ್ ರಸ್ತೆ ಒಂದು ಪಕ್ಕ, ಮುಳಾ-ಮುಠಾ ನದಿ ಇನ್ನೊಂದು ಪಕ್ಕ, ನಡುವೆ ಐಟಿ ಪಾರ್ಕಿನ ಗಾಜಿನ ಕಟ್ಟಡಗಳು, ಅವುಗಳಲ್ಲಿ ದುಡಿಯುವವರಿಗಾಗಿ ಎದ್ದ ಅಪಾರ್ಟ್‌ಮೆಂಟುಗಳು. ಹೆಂಡತಿ ಮರಾಠಿಯವಳು. ಹೀಗಾಗಿ ತಾಯ್ನುಡಿ ಎಂಬ ಶಬ್ದ ನಮ್ಮ ಮನೆಯಲ್ಲಿ ನನ್ನ ಕೆಲಸಕ್ಕೆ ಬರೋದಿಲ್ಲ. ಮಗಳ ತಾಯ್ನುಡಿ ಮರಾಠಿ, ಶಾಲೆಯದು ಇಂಗ್ಲಿಷು, ಲಿಫ್ಟಿನದು ಹಿಂದಿ. ಕನ್ನಡ ಅವಳಿಗೆ ಅಪ್ಪನ ನುಡಿ, ಅಷ್ಟೆ. ಖರಾಡಿಯಲ್ಲಿ ಕನ್ನಡದವರು ಇಲ್ಲವೆಂದಲ್ಲ, ಧಾರಾಳ ಇದ್ದಾರೆ. ಪಾರ್ಕಿಂಗಿನಲ್ಲಿ ಸಿಕ್ಕರೆ ‘ಯಾವೂರ್ರೀ ನಿಮ್ದು?’ ಅಂತ ಶುರುವಾಗಿ ಮೂರನೆಯ ವಾಕ್ಯಕ್ಕೆ ಇಂಗ್ಲಿಷಿಗೆ ಜಾರುತ್ತೇವೆ. ಕನ್ನಡ ಸಂಘ ಇರುವುದು ಎರಂಡವಣೆಯಲ್ಲಿ, ಅಂದರೆ ಊರಿನ ಆಚೆ ತುದಿಗೆ. ವಾರಕ್ಕೊಮ್ಮೆ ಆ ಟ್ರಾಫಿಕ್ಕು ದಾಟಿ ಭಾಷೆ ಕಲಿಸಿಕೊಂಡು ಬರುವ ಉತ್ಸಾಹ ನನಗಿಲ್ಲ. ನಾನು ಬಾಯಿ ಮುಚ್ಚಿದರೆ ಮನೆಯಲ್ಲಿ ಕನ್ನಡ ನಿಂತಿತು. ಇದು ಉತ್ಪ್ರೇಕ್ಷೆಯಲ್ಲ, ನಾಲ್ಕು ದಿನ ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿ ಬಂದರೆ ಮಗಳ ಕನ್ನಡ ಕುಂಟುತ್ತಿರುತ್ತದೆ.

ಹಾಗಾಗಿ ಅಪ್ಪನ ಬಾಯಿಗೆ ಒಗ್ಗುವ ಕನ್ನಡ ಎಲ್ಲಿದೆ ಅಂತ ಹುಡುಕತೊಡಗಿದೆ. ಮೊದಲು ದೇವರನಾಮ. ಹಾಡಿದವರಲ್ಲಿ ಹೆಚ್ಚಿನವರು ಗಂಡಸರು. ಆದರೆ ಬಾಲಕೃಷ್ಣನನ್ನು ಮಾತಾಡಿಸಬೇಕಾದಾಗ ಹೆಚ್ಚಿನ ದಾಸರು ಯಶೋದೆಯ ಸೀರೆ ಉಟ್ಟುಕೊಂಡುಬಿಡುತ್ತಾರೆ. ಎತ್ತಿಕೊಳ್ಳುವವಳು, ಗದರಿಸುವವಳು, ಗುಮ್ಮನನ್ನು ತೋರಿಸುವವಳು ಎಲ್ಲ ಅವಳೇ. ನಂದಗೋಪ ಎಲ್ಲಿ ಹೋದನೋ! ಹಲಸಂಗಿ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ತೆಗೆದರೆ ಅದು ಹೆಸರೇ ಹೇಳುವಂತೆ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಮುಂದಿನ ಲೋಕ. ಕಂದನನ್ನು ಕುರಿತ ಅಲ್ಲಿನ ತ್ರಿಪದಿಗಳ ಎದುರು ನಿಲ್ಲುವಂಥದ್ದು ಯಾವ ಪಂಡಿತನೂ ಬರೆದಿಲ್ಲ. ಆದರೆ ನಾನು ಅವನ್ನು ಹಾಡಿದರೆ ಬೇರೆಯವರ ಅಂಗಿ ಹಾಕಿಕೊಂಡ ಹಾಗಾಗುತ್ತದೆ. ಜಿ.ಪಿ. ರಾಜರತ್ನಂ ಅವರ ನಾಯಿಮರಿ ನಮ್ಮ ಮನೆಗೂ ಬಂತು, ಬಹಳ ದಿನ ಇತ್ತು. ಆ ಪದ್ಯಗಳದ್ದು ಮಕ್ಕಳಿಗೆ ಪಾಠ ಹೇಳಿದ ಮೇಷ್ಟರ ದನಿ. ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ಅದಕ್ಕೇ ಎಲ್ಲರ ಬಾಯಿಗೂ ಒಗ್ಗುತ್ತವೆ.

ಕನ್ನಡದ ಕವಿ ಅಪ್ಪನಾಗಿಯೇ ಮಾತಾಡಿದ ಪದ್ಯ ಅಂದರೆ ನಮಗೆಲ್ಲ ತಟ್ಟನೆ ನೆನಪಾಗುವುದು ಬೇಂದ್ರೆಯವರದು. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿಕೊಂಡು ಧಾರವಾಡಕ್ಕೆ ಹೋದವರು ಅವರು. ಸತ್ತ ಕೂಸಿನ ಎದುರು ಹೆಂಡತಿಯ ನೋಟ ತಾಳಲಾರದ ಗಂಡನ ಪದ್ಯ ಅದು. ಅಂದರೆ ನಮ್ಮ ಅಪ್ಪನ ಬಾಯಿಂದ ಅಪ್ಪಟ ಮಾತು ಹೊರಡಲು ಮಗು ಸಾಯಬೇಕಾಯಿತು. ಕುವೆಂಪು ತಮ್ಮ ಮನೆ-ಮಕ್ಕಳ ಮೇಲೆ ಸಂತೋಷದ ಪದ್ಯ ಬರೆದಿದ್ದಾರೆ, ಇಲ್ಲವೆಂದಲ್ಲ. ಆದರೆ ಅವರ ಕೈಗೆ ಸಿಕ್ಕ ಮಗು ಬಹಳ ಬೇಗ ದಿವ್ಯವಾಗಿಬಿಡುತ್ತದೆ. ಹಲ್ಲುಜ್ಜಲು ಒಲ್ಲೆ ಅನ್ನುವ ಹಂತಕ್ಕೆ ಬರುವುದೇ ಇಲ್ಲ.

ಪಕ್ಕದ ಮರಾಠಿಯಲ್ಲಿ ಏನಿದೆ? ಸಾನೆ ಗುರೂಜಿಯವರ ‘ಶ್ಯಾಮಚಿ ಆಯಿ’ ಹೆಸರಿನಿಂದಲೇ ಅಮ್ಮನ ಪುಸ್ತಕ. ಆದರೆ ನಮ್ಮ ಕಾಲದ ಅಪ್ಪನಿಗೆ ಈ ಊರು ಒಂದು ಹಾಡು ಕೊಟ್ಟಿದೆ. ಸಂದೀಪ ಖರೆ ಬರೆದ, ಸಲೀಲ ಕುಲಕರ್ಣಿ ಸಂಗೀತ ಕೊಟ್ಟ ‘ದಮಲೇಲ್ಯಾ ಬಾಬಾಚಿ ಕಹಾಣಿ’, ಅಂದರೆ ದಣಿದ ಅಪ್ಪನ ಕತೆ. ಆಫೀಸು ಮುಗಿಸಿ ತಡವಾಗಿ ಮನೆ ಸೇರುವ ಅಪ್ಪ, ಆಗಲೇ ಮಲಗಿಬಿಟ್ಟಿರುವ ಮಗಳಿಗೆ ತನ್ನ ಕತೆ ಹೇಳಿಕೊಳ್ಳುತ್ತಾನೆ. ನಮ್ಮ ಸೊಸೈಟಿಯ ಗಣೇಶೋತ್ಸವದಲ್ಲಿ ಯಾರಾದರೂ ಇದನ್ನು ಹಾಡಿದರೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಗಂಡಸರು ಒಬ್ಬೊಬ್ಬರೇ ಮೊಬೈಲು ನೋಡತೊಡಗುತ್ತಾರೆ. ಅಳು ಮುಚ್ಚಿಕೊಳ್ಳಲು ಮೊಬೈಲಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಹಾಡು ಚೆನ್ನಾಗಿದೆ. ಅದರ ಜೊತೆ ನನ್ನ ಜಗಳ ಬೇರೆ ಕಾರಣಕ್ಕೆ. ಅಲ್ಲಿ ಮಗಳು ನಿದ್ದೆಯಲ್ಲಿದ್ದಾಳೆ. ಮಲಗಿದ ಮಗು ಅಪ್ಪನಿಗೆ ಬಹಳ ಅನುಕೂಲ: ಎದುರು ಮಾತಾಡೋದಿಲ್ಲ, ನೀರು ಬೇಕು ಅನ್ನೋದಿಲ್ಲ, ‘ನಿನ್ನೆ ಹೇಳಿದ ಕತೆಯಲ್ಲಿ ರಾಜನ ಹೆಸರು ಬೇರೆ ಇತ್ತಲ್ಲ’ ಅಂತ ಹಿಡಿಯೋದಿಲ್ಲ. ಎಚ್ಚರವಿರುವ ಮಗಳ ಜೊತೆ ಇರುವುದರಲ್ಲಿ ಏನು ಸುಖ ಅಂತ ಹಾಡು ಹೇಳುವುದು ಕಡಿಮೆ. ಏನು ತಪ್ಪಿಹೋಯಿತು ಅಂತ ಮಾತ್ರ ಎಣಿಸುತ್ತದೆ. ಕೊನೆಗೆ ಮಗಳು ಗಂಡನ ಮನೆಗೆ ಹೊರಟಾಗ ಈ ಅಪ್ಪನಿಗಾಗಿ ಅವಳ ಕಣ್ಣಲ್ಲಿ ನೀರು ಬಂದೀತೇ ಎಂಬ ಚಿಂತೆಗೆ ಬಂದು ನಿಲ್ಲುತ್ತದೆ. ಹೀಗೆ ಎಣಿಸುವ ಚಟ ನಮಗೆ ಆಫೀಸಿನಿಂದ ಬಂದದ್ದು ಅಂತ ನನ್ನ ಗುಮಾನಿ. ಟೈಮ್‌ಶೀಟು ತುಂಬಿದ ಕೈ ಮನೆಯಲ್ಲೂ ಅದನ್ನೇ ತುಂಬುತ್ತದೆ. ಜೂನ್ ತಿಂಗಳ ಮೂರನೇ ಭಾನುವಾರ ಬಂದರೆ ಮಾಲುಗಳ ತುಂಬ ‘ಕ್ವಾಲಿಟಿ ಟೈಮ್’ ಜಾಹೀರಾತು, ಅಪ್ಪ-ಮಕ್ಕಳಿಗೆ ಕಾಂಬೋ ಪಿಜ್ಜಾ.

‘ಅಣ್ಣನ ನೆನಪು’ ಮತ್ತೆ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ: ಅದರಲ್ಲಿ ಯಾರೂ ಸಮಯ ಎಣಿಸುವುದಿಲ್ಲ. ರಾಷ್ಟ್ರಕವಿಯ ಜೀವನಚರಿತ್ರೆ ಅಂತ ಹಿಡಿದವರಿಗೆ ಆ ಪುಸ್ತಕ ಕೈಕೊಡುತ್ತದೆ. ಅಣ್ಣನನ್ನು ಬಿಟ್ಟು ತನ್ನ ಗೆಳೆಯರು, ಸಿತಾರು, ಕ್ಯಾಮೆರಾ, ಶಿಕಾರಿಯ ಹುಚ್ಚು ಅಂತ ಎಲ್ಲೆಲ್ಲೋ ಅಲೆದು ಮತ್ತೆ ಅಣ್ಣನ ಹತ್ತಿರ ಬರುತ್ತದೆ. ಇದನ್ನು ಶಿಥಿಲ ಬರವಣಿಗೆ ಅಂದವರನ್ನು ನಾನು ಬಲ್ಲೆ. ನನಗೆ ಹಾಗನ್ನಿಸೋದಿಲ್ಲ. ಮಕ್ಕಳು ಅಪ್ಪನ ಸುತ್ತ ಬದುಕುವುದೇ ಹೀಗೆ: ಓಡಿಹೋಗುವುದು, ಏನಾದರೂ ಎಡವಟ್ಟು ಮಾಡಿಕೊಂಡು ವಾಪಸು ಬರುವುದು. ಅಣ್ಣ ಅಲ್ಲೇ ‘ಉದಯರವಿ’ಯಲ್ಲಿ ಇರುತ್ತಾರೆ. ಅವರು ಮಗನನ್ನು ತಿದ್ದಿ ತೀಡುತ್ತಾ ಕೂತವರಲ್ಲ. ಮಗನೂ ಅವರ ಪಾದಕ್ಕೆ ಬೀಳುವುದಿಲ್ಲ. ಇಬ್ಬರ ನಡುವಿನ ಪ್ರೀತಿಯನ್ನು ಅಷ್ಟು ದಪ್ಪ ಪುಸ್ತಕದಲ್ಲಿ ಪ್ರೀತಿ ಅಂತ ಹೆಸರಿಸಿ ಕರೆಯದೆ ನಗೆಯಲ್ಲೇ ದಾಟಿಸುವುದು ತೇಜಸ್ವಿಯವರಿಗೆ ಮಾತ್ರ ಸಾಧ್ಯವಿದ್ದ ಕೆಲಸ.

ಎರಡು ತಕರಾರು ಹೇಳಲೇಬೇಕು. ಅಣ್ಣನ ಆ ನಿರಾತಂಕದ ಹಿಂದೆ ಮನೆ ನಡೆಸುತ್ತಿದ್ದ ಹೇಮಾವತಿಯವರ ದಿನಚರಿ ಎಷ್ಟಿತ್ತು ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು. ಇನ್ನೊಂದು, ಪುಸ್ತಕ ಬಂದದ್ದು ಕುವೆಂಪು 1994ರಲ್ಲಿ ತೀರಿಕೊಂಡ ಮೇಲೆ. ಅಪ್ಪ ಇರುವಾಗ ಅಪ್ಪನ ಬಗ್ಗೆ ಬರೆಯುವುದು ನಮ್ಮಲ್ಲಿ ಇನ್ನೂ ಸಂಕೋಚದ ವಿಷಯವೇ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಸಿನಿಮಾ ಈ ಸಂಕೋಚದ ಬೆಲೆ ಏನು ಅಂತ ತೋರಿಸುತ್ತದೆ. ಮುಂಬೈಯಲ್ಲಿ ನೌಕರಿಗಿರುವ ಮಗ, ಮರೆವಿನ ಕಾಯಿಲೆಯ ಅಪ್ಪ, ಒಂದು ದಿನ ಅಪ್ಪ ಕಳೆದುಹೋಗುತ್ತಾರೆ. ಹುಡುಕಲು ಹೊರಟವನಿಗೆ ಅಪ್ಪನ ಬಗ್ಗೆ ಗೊತ್ತಿರುವುದು ಪೊಲೀಸ್ ಪ್ರಕಟಣೆಯಷ್ಟು ಮಾತ್ರ: ಮೈಬಣ್ಣ, ಮೈಕಟ್ಟು. ಆ ಶೀರ್ಷಿಕೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಗೂಂಡಾಗಳ ಉಪಕತೆ ಇಲ್ಲದಿದ್ದರೆ ಸಿನಿಮಾಕ್ಕೂ ಕೊಡುತ್ತಿದ್ದೆ. ಅನಂತನಾಗ್ ಅಂಥವರು ಸುಮ್ಮನೆ ಬೀದಿಯಲ್ಲಿ ನಡೆದರೆ ಸಾಕಾಗಿತ್ತು.

ಹಾಗಂತ ‘ಅಣ್ಣನ ನೆನಪು’ ಓದಿ ಖರಾಡಿಯಲ್ಲಿ ‘ಉದಯರವಿ’ ಕಟ್ಟಲಾಗೋದಿಲ್ಲ. ಕುವೆಂಪು ಮನೆಯಲ್ಲೇ ಬರೆದರು. ಅಪ್ಪ ಏನು ಕೆಲಸ ಮಾಡುತ್ತಾರೆ ಅನ್ನುವುದು ಮಕ್ಕಳ ಕಣ್ಣೆದುರೇ ಇತ್ತು. 2020ರ ಮಾರ್ಚಿನಲ್ಲಿ ನಮ್ಮ ಗಾಜಿನ ಕಟ್ಟಡಗಳು ಖಾಲಿಯಾಗಿ ಅಪ್ಪಂದಿರೆಲ್ಲ ಮನೆ ಸೇರಿದಾಗ ನಮಗೂ ಅಂಥ ಕಾಲ ಬಂತು ಅಂದುಕೊಂಡಿದ್ದೆ. ಆದದ್ದೇ ಬೇರೆ. ಮನೆಯಲ್ಲಿದ್ದೂ ನಾವು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ, ಬಾಗಿಲು ಹಾಕಿಕೊಂಡ, ‘ಶ್!’ ಅನ್ನುವ ಅಪ್ಪಂದಿರಾದೆವು. ಆಗಿನ್ನೂ ಪುಟ್ಟವಳಾಗಿದ್ದ ಮಗಳು ನನ್ನ ಕೆಲಸ ನೋಡಿ ಮಾಡಿದ ವ್ಯಾಖ್ಯಾನ: ‘ಅಪ್ಪ ಡಬ್ಬಿ ಜೊತೆ ಜಗಳ ಆಡ್ತಾನ.’

ನನ್ನ ಕೆಲಸ ಅವಳಿಗೆ ಕಾಣೋದಿಲ್ಲ. ಕಾಣುವುದು ನಾನು ಮಾಡುವ ಚಿಲ್ಲರೆ ಕೆಲಸಗಳು. ಕನ್ನಡ ದಾಟಿದ್ದೂ ಅವುಗಳಲ್ಲೇ. ಚಂದನನಗರದ ಕಡೆ ತರಕಾರಿಗೆ ಹೋದಾಗ ‘ಕೋಥಿಂಬೀರ’ದ ಒಂದು ‘ಜುಡಿ’ ಅವಳ ಕೈಚೀಲಕ್ಕೆ ಬೀಳುವಷ್ಟರಲ್ಲಿ ಕೊತ್ತಂಬರಿಯ ಒಂದು ಕಟ್ಟಾಗಿರುತ್ತದೆ. ಅವರೆಕಾಯಿ ಸುಲಿಯುವಾಗ ಸಿಪ್ಪೆ, ಹುಳ, ಎಳೆಯದು, ಬಲಿತದ್ದು. ಸೈಕಲ್ ಚೈನು ಸಿಕ್ಕಿಸುವಾಗ ಸಡಿಲ, ಬಿಗಿ, ಜಿಡ್ಡು, ‘ಅಯ್ಯೋ ಬೆರಳು!’ ಶೇವಿಂಗ್ ಮಾಡುವಾಗ ಕನ್ನಡಿಯ ಪಕ್ಕ ನಿಂತು ‘ಇಲ್ಲಿ ಬಿಟ್ಟಿ, ಇಲ್ಲೂ ಬಿಟ್ಟಿ’ ಅಂತ ತಪ್ಪು ಹುಡುಕುವಳು. ಇದರಲ್ಲಿ ತ್ಯಾಗ ಗೀಗ ಏನಿಲ್ಲ. ಇಡೀ ದಿನದಲ್ಲಿ ನನಗೆ ಖುಷಿ ಕೊಡುವ ಹೊತ್ತು ಅದೇ. ಇದನ್ನು ಯಾರಾದರೂ ಕನ್ನಡದಲ್ಲಿ ಬರೆದಿದ್ದರೆ ಓದಿ ಸುಮ್ಮನಿರುತ್ತಿದ್ದೆ.

ಈಗ ರಾತ್ರಿ ‘ಅಣ್ಣನ ನೆನಪು’ ಸ್ವಲ್ಪಸ್ವಲ್ಪವೇ ಗಟ್ಟಿಯಾಗಿ ಓದುತ್ತಿದ್ದೇನೆ. ಅರ್ಧ ಅರ್ಥವಾಗೋದಿಲ್ಲ, ಅಲ್ಲೇ ನಿಲ್ಲಿಸಿ ಕೇಳುತ್ತಾಳೆ. ಮೊದಲ ದಿನವೇ ತಕರಾರು ಬಂತು: ‘ಅವರಪ್ಪನ್ನ ಅವರು ಅಣ್ಣ ಅಂತ ಯಾಕ ಕರೀತಾರ? ತಪ್ಪಲ್ಲ?’ ಮಲೆನಾಡಿನ ಆ ಕಡೆ ಹಾಗೇ ಕರೆಯುತ್ತಾರೆ ಅಂದೆ. ಒಳಗಿನಿಂದ ಹೆಂಡತಿ ಮರಾಠಿಯಲ್ಲಿ ಕೂಗಿದಳು: ತನ್ನ ಅಜ್ಜನನ್ನೂ ಮನೆಮಂದಿಯೆಲ್ಲ ಅಣ್ಣಾ ಅಂತಲೇ ಕರೆಯುತ್ತಿದ್ದರಂತೆ, ಅವರ ಮಕ್ಕಳು ಕೂಡ. ಮಗಳು ಒಂದು ಗಳಿಗೆ ಯೋಚಿಸಿ, ‘ಹಂಗಾದ್ರ ಅದು ಮರಾಠಿ ಶಬ್ದ’ ಅಂದಳು. ಅಲ್ಲ ಮಾರಾಯ್ತಿ, ಅದು ನಮ್ಮಿಂದ ಅವರಿಗೆ ಹೋದದ್ದು ಅಂತ ವಾದಕ್ಕೆ ಕೂತೆ. ಆ ರಾತ್ರಿ ಪುಸ್ತಕ ಮುಂದೆ ಹೋಗಲಿಲ್ಲ.