ಬೈಸಿಕೊಂಡ ಕಥೆ ಕೇಳುವುದು ಹೇಗೆ? ರಸಿಕರಿಗೊಂದು ಕೈಪಿಡಿ

ಪ್ಯಾಟ್ ಸಮಿಟ್ ಅವರನ್ನು ನೆನೆಯಲು ಕೂತ ಹಳೆಯ ಆಟಗಾರ್ತಿಯರ ಬಾಯಿಂದ ಮೊದಲು ಬರುವುದು ಗೆದ್ದ ಕಪ್ಪಿನ ಕಥೆಯಲ್ಲ, ಬೈಸಿಕೊಂಡ ಕಥೆ. ಒಬ್ಬಳು ಹೇಳಿ ಮುಗಿಸುವ ಮೊದಲೇ ಇನ್ನೊಬ್ಬಳು ತನಗೆ ಬಿದ್ದದ್ದು ಅದಕ್ಕಿಂತ ಜೋರು ಎಂದು ಶುರು ಹಚ್ಚುತ್ತಾಳೆ. ಹೊಸದಾಗಿ ಕೇಳುವವರಿಗೆ ಕಸಿವಿಸಿಯಾಗುತ್ತದೆ. ತೀರಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕಾದ ಜಾಗದಲ್ಲಿ ಇದೇನು ದೂರಿನ ಸರಮಾಲೆ ಅನಿಸುತ್ತದೆ. ಅದು ದೂರಲ್ಲ. ನುಡಿನಮನದೊಳಗೆ ಅದೊಂದು ಬೇರೆಯೇ ಬಗೆ, ಅದನ್ನು ಸವಿಯಲು ಕಿವಿ ಸ್ವಲ್ಪ ಪಳಗಬೇಕು.

ಪ್ಯಾಟ್ ಯಾರೆಂದು ಗೊತ್ತಿಲ್ಲದವರಿಗೆ ಇಷ್ಟು ಸಾಕು. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 1974ರಿಂದ 2012ರವರೆಗೆ, 38 ಋತು ಕೋಚ್ ಆಗಿದ್ದವರು. 1,098 ಗೆಲುವು, 208 ಸೋಲು, ಎಂಟು ರಾಷ್ಟ್ರೀಯ ಪ್ರಶಸ್ತಿ. ಇವರ ಕೈಕೆಳಗೆ ಪೂರ್ತಿ ಅವಧಿ ಆಡಿ ಮುಗಿಸಿದವರಲ್ಲಿ ಪದವಿ ಪಡೆಯದೆ ಹೋದವಳು ಒಬ್ಬಳೂ ಇಲ್ಲ. ನನಗೆ ಆ ಎಂಟು ಕಪ್ಪಿಗಿಂತ ಇದೇ ದೊಡ್ಡದು.

ಕೇಳಲು ಕೂತಾಗ ಹೊಗಳಿಕೆಯ ಮಾತು ಬಂದರೆ ಅದನ್ನು ಹಾಗೇ ದಾಟಿಸಿಬಿಡಿ. ತಾಯಿಯಂತಿದ್ದರು, ದಾರಿದೀಪವಾಗಿದ್ದರು ಎಂಬ ಮಾತು ಯಾವ ಕೋಚ್‌ಗೂ ಹೊಂದುತ್ತದೆ, ಯಾವ ಊರಿನಲ್ಲೂ ಸಲ್ಲುತ್ತದೆ. ಕಾಯಬೇಕಾದದ್ದು ಚಿಲ್ಲರೆ ವಿವರಕ್ಕೆ. ತರಗತಿಯಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು ಎಂಬುದು ಪ್ಯಾಟ್ ಇಟ್ಟಿದ್ದ ನಿಯಮ. ಪಾಠ ತಪ್ಪಿಸಿದರೆ ಪಂದ್ಯಕ್ಕೆ ಇಳಿಸುತ್ತಿರಲಿಲ್ಲ, ತಂಡದ ತಾರೆಯಾದರೂ ಅಷ್ಟೆ. ಆರಡಿ ಎತ್ತರದ ಹುಡುಗಿ ಮುಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದಾಳೆ, ಅವಳ ಬೆನ್ನ ಹಿಂದಿನವರಿಗೆ ಬೋರ್ಡು ಕಾಣುತ್ತಿಲ್ಲ. ಈ ಚಿತ್ರ ಕಣ್ಣಿಗೆ ಕಟ್ಟಿದರೆ ಆ ಕೋಚ್ ಎಂಥವರೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ನೋಟ. ಪ್ಯಾಟ್ ಅವರ ನೀಲಿ ಕಣ್ಣು ನೆಟ್ಟರೆ ಆಟಗಾರ್ತಿಯ ಎದೆ ಝಲ್ಲೆನ್ನುತ್ತಿತ್ತು. ಎದುರು ತಂಡದವರು, ರೆಫರಿಗಳು, ಪತ್ರಕರ್ತರು ಎಲ್ಲರೂ ಆ ನೋಟದ ಬಗ್ಗೆ ಹೇಳಿದ್ದಾರೆ. ಅದನ್ನು ಹೇಳಿ ತೋರಿಸುವುದು ಕಷ್ಟ, ಆದ್ದರಿಂದ ಹಲವರು ಕಣ್ಣು ಅರಳಿಸಿ ಹುಬ್ಬು ಇಳಿಸಿ ಮಾಡಿಯೇ ತೋರಿಸುತ್ತಾರೆ. ಆಗ ಮಾತು ಕೇಳುವುದು ಬಿಟ್ಟು ಅವರ ಮುಖ ನೋಡಿ. ಎಷ್ಟೋ ವರ್ಷದ ಹಿಂದೆ ತನ್ನನ್ನು ನೋಡಿದ ಮುಖವನ್ನು ಒಬ್ಬಳು ತನ್ನ ಮುಖದ ಮೇಲೆ ತಂದುಕೊಳ್ಳುತ್ತಿರುತ್ತಾಳೆ.

ಹೇಳುತ್ತಿರುವವಳು ಯಾವ ಕಾಲದವಳು ಎಂಬುದನ್ನೂ ಕೇಳಿ ತಿಳಿದುಕೊಳ್ಳಬೇಕು, ಕಾಲಕ್ಕೆ ತಕ್ಕಂತೆ ಪ್ಯಾಟ್ ಬೇರೆ ಬೇರೆ. ಎಪ್ಪತ್ತರ ದಶಕದವರು ನೆನೆಯುವುದು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿಯನ್ನು. ಆಟಗಾರ್ತಿಯರಿಗೂ ಕೋಚ್‌ಗೂ ವಯಸ್ಸಿನಲ್ಲಿ ಅಂತರವೇ ಇರಲಿಲ್ಲ. ತಿಂಗಳಿಗೆ 250 ಡಾಲರ್ ಸಂಬಳ. ತಂಡದ ವ್ಯಾನ್ ಓಡಿಸುವವರೂ ಅವರೇ, ಸಮವಸ್ತ್ರ ಒಗೆಯುವವರೂ ಅವರೇ. ಆ ಸಮವಸ್ತ್ರ ಕೊಳ್ಳಲು ಹಣ ಬಂದದ್ದು ಡೋನಟ್ ಮಾರಿ. ಪರ ಊರಿಗೆ ಹೋದಾಗ ಎದುರಾಳಿಗಳ ಜಿಮ್‌ನಲ್ಲೇ ನೆಲದ ಮೇಲೆ ಮಲಗಿ ಬೆಳಿಗ್ಗೆ ಎದ್ದು ಆಡಿದ್ದೂ ಉಂಟು. ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣುಗಂಡಿನ ಭೇದ ಕೂಡದೆಂಬ ಕಾನೂನು 1972ರಲ್ಲೇ ಬಂದಿತ್ತು ನಿಜ, ಕಾಗದದ ಮೇಲಿನದ್ದು ಜಿಮ್‌ವರೆಗೆ ನಡೆದು ಬರಬೇಕಿತ್ತಲ್ಲ. ಆಗ ಟೆನೆಸ್ಸೀ ಹೈಸ್ಕೂಲುಗಳಲ್ಲಿ ಹುಡುಗಿಯರು ಆರು ಜನರ ಅರ್ಧ ಅಂಕಣದ ಆಟ ಆಡುತ್ತಿದ್ದರು, ಮೂವರು ಹೊಡೆಯಲು, ಮೂವರು ತಡೆಯಲು, ನಡುಗೆರೆ ದಾಟುವಂತಿಲ್ಲ. ಇಂಥ ಆಟ ಕಲಿತವರನ್ನು ನನ್ನ ತಂಡಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಪ್ಯಾಟ್ ಪಟ್ಟು ಹಿಡಿದರು. 1979ರಲ್ಲಿ ರಾಜ್ಯ ಆ ನಿಯಮ ಬಿಟ್ಟಿತು. ತೊಂಬತ್ತರ ದಶಕದ ಹುಡುಗಿಯರು ಬರುವ ಹೊತ್ತಿಗೆ ದೊಡ್ಡ ಕ್ರೀಡಾಂಗಣ, ತುಂಬಿದ ಜನ, ಎಲ್ಲೆಲ್ಲೂ ತಂಡದ ಕಿತ್ತಳೆ ಬಣ್ಣ. ಅವರ ನೆನಪಿನ ಪ್ಯಾಟ್ ಎತ್ತರದ ಮೂರ್ತಿ, ಮೊದಲಿನವರ ಪ್ಯಾಟ್ ಒದ್ದೆ ಬಟ್ಟೆ ಹಿಂಡಿದ ಕೈ. ಎರಡನ್ನೂ ಜೋಡಿಸಿಕೊಳ್ಳುವ ಕೆಲಸ ಕೇಳುವವರದು. ಯಾವ ಕಾಲದವರಾದರೂ ಅವರನ್ನು ಕೋಚ್ ಅನ್ನುವುದಿಲ್ಲ ಎಂಬುದನ್ನೂ ಗಮನಿಸಿ. ಬರೀ ಪ್ಯಾಟ್.

ಕೆಲವು ಕಥೆ ನೂರು ಸಲ ಹೇಳಿ ಹೇಳಿ ನುಣುಪಾಗಿವೆ. ಮಿಶೆಲ್ ಮಾರ್ಸಿನಿಯಾಕ್ ಎಂಬ ಹುಡುಗಿಯನ್ನು ತಂಡಕ್ಕೆ ಕರೆಯಲು ಪ್ಯಾಟ್ ಪೆನ್ಸಿಲ್ವೇನಿಯಾದ ಅವಳ ಮನೆಗೆ ಹೋದದ್ದು ಅಂಥದ್ದು. 1990ರ ಸೆಪ್ಟೆಂಬರ್, ಪ್ಯಾಟ್ ತುಂಬು ಗರ್ಭಿಣಿ. ಆ ಪ್ರಯಾಣದಲ್ಲೇ ನೀರು ಒಡೆಯಿತು, ಹೆರಿಗೆ ನೋವು ಶುರುವಾಯಿತು. ಹೇಳಬೇಕಾದ್ದನ್ನು ಗಡಿಬಿಡಿಯಲ್ಲಿ ಹೇಳಿ ಪುಟ್ಟ ವಿಮಾನ ಹತ್ತಿದರು. ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸಲೇ ಎಂದರೆ ಪ್ಯಾಟ್ ಬೇಡವೇ ಬೇಡ ಅಂದರು. ಅದೇ ವರ್ಷದ ವಸಂತದಲ್ಲಿ ವರ್ಜೀನಿಯಾ ತಂಡ ಇವರನ್ನು ಸೋಲಿಸಿ ಟೂರ್ನಿಯಿಂದ ಹೊರಗಟ್ಟಿತ್ತು, ಕೊನೆಯ ನಾಲ್ವರ ಸುತ್ತು ಟೆನೆಸ್ಸೀಯ ಸ್ವಂತ ಅಂಗಳ ನಾಕ್ಸ್‌ವಿಲ್‌ನಲ್ಲೇ ನಡೆಯಲಿದ್ದ ವರ್ಷ ಅದು. ಮಗ ಟೆನೆಸ್ಸೀಯಲ್ಲೇ ಹುಟ್ಟಿದ. ಇಲ್ಲಿ ಎಲ್ಲರೂ ನಗುತ್ತಾರೆ, ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ನುಣುಪಾದ ಕಥೆಯನ್ನು ಅದರ ಬಾಲ ಹಿಡಿದು ಕೇಳಬೇಕು. ಇಷ್ಟಾದರೂ ಆ ಹುಡುಗಿ ಸೇರಿದ್ದು ಬೇರೆ ಕಾಲೇಜಿಗೆ! ಆಮೇಲೆ ಅಲ್ಲಿಂದ ಬಿಟ್ಟು ಪ್ಯಾಟ್ ಬಳಿ ಬಂದಳು. ಅವಳ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಪ್ಯಾಟ್ ಮುಖಕ್ಕೆ ಮುಖವಿಟ್ಟು ಗದರುತ್ತಿರುವ ಫೋಟೋ ಅಮೆರಿಕದ ಆಟಪ್ರಿಯರಿಗೆಲ್ಲ ಗೊತ್ತು. ಅದೇ ಹುಡುಗಿ 1996ರಲ್ಲಿ ಕಪ್ ಗೆದ್ದುಕೊಟ್ಟಳು, ಕೊನೆಯ ಸುತ್ತಿನ ಶ್ರೇಷ್ಠ ಆಟಗಾರ್ತಿಯಾದಳು. ಆ ಫೋಟೋದ ಜೊತೆ ಇದನ್ನೂ ಇಟ್ಟುಕೊಂಡು ಕೇಳಿದಾಗ ಗದರಿಕೆಗೆ ಬೇರೆಯೇ ಅರ್ಥ ಬರುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಗದರುವುದೆಲ್ಲ ಪ್ರೀತಿ ಎಂದು ನಾನು ಒಪ್ಪುವುದಿಲ್ಲ. ಶಿಷ್ಯರನ್ನು ಮುರಿದು ಹಾಕಿದ ಗುರುಗಳೂ ಇದ್ದಾರೆ, ಅವರ ಶಿಷ್ಯರೂ ಹಲ್ಲು ಕಚ್ಚಿ ಹೊಗಳುತ್ತಾರೆ. ವ್ಯತ್ಯಾಸ ಗುರುತಿಸಲು ನಾನು ಕೇಳುವುದು ಒಂದನ್ನೇ: ಗದರಿದ ಮೇಲೆ ಏನು ಮಾಡಿದರು?

ಪ್ಯಾಟ್ ಅವರ ಶಿಷ್ಯೆ ಟಮೀಕಾ ಕ್ಯಾಚಿಂಗ್ಸ್ ಹೇಳುವ ಕಥೆಯಲ್ಲಿ ಇದಕ್ಕೆ ಉತ್ತರವಿದೆ, ಅಲ್ಲಿ ಗದರಿಕೆಯೇ ಇಲ್ಲ. ಹುಟ್ಟಿನಿಂದ ಅವರಿಗೆ ಎರಡೂ ಕಿವಿ ಮಂದ. ಶಾಲೆಯಲ್ಲಿ ಮಕ್ಕಳ ಅಣಕ ತಾಳದೆ ಶ್ರವಣಯಂತ್ರವನ್ನು ಹುಲ್ಲಿನೊಳಗೆ ಎಸೆದು ಬಂದ ಹುಡುಗಿ, ಆಮೇಲೆ ವರ್ಷಗಟ್ಟಲೆ ತುಟಿ ಓದಿಕೊಂಡೇ ಬೆಳೆದಳು, ತುಟಿ ಓದಿಕೊಂಡೇ ಆಡಿದಳು. ಟೆನೆಸ್ಸೀಗೆ ಬಂದ ಮೇಲೆ ಪ್ಯಾಟ್ ಅವಳನ್ನು ಕೂರಿಸಿಕೊಂಡು ಕಿವಿಯ ಮಾತು ತೆಗೆದರು. ಯಂತ್ರ ಮತ್ತೆ ಹಾಕಿಕೊ, ಮಾತಿನ ತರಬೇತಿಗೂ ಹೋಗು, ನಿನ್ನಂಥ ಮಕ್ಕಳಿಗೆ ನಿನ್ನಿಂದ ಧೈರ್ಯ ಬರುತ್ತದೆ ಎಂಬ ಅರ್ಥದ ಮಾತು. ಈ ಕಥೆ ಶುರುವಾಗುವುದು ‘ಅವರು’ ಎಂಬಲ್ಲಿಂದ, ನಿಲ್ಲುವುದು ‘ನಾನು’ ಎಂಬಲ್ಲಿ. ಪ್ಯಾಟ್ ಹೀಗೆಂದರು, ಪ್ಯಾಟ್ ಹಾಗೆಂದರು ಎಂದು ಹೋಗುತ್ತಿದ್ದ ಮಾತು ಒಂದು ಹಂತದಲ್ಲಿ ನಾನು ಎಂದು ತಿರುಗುತ್ತದೆ. ಆ ತಿರುವಿಗೆ ಕಿವಿಗೊಟ್ಟು ಕೂರಿ. ಶಿಷ್ಯರ ನೆನಪುಗಳಲ್ಲಿ ನನಗೆ ಅತ್ಯಂತ ರುಚಿಯಾದ ಜಾಗ ಅದು.

ಬೈಗುಳದ ಬೇರು ಹುಡುಕುವವರು ಪ್ಯಾಟ್ ಅವರ ಹಳ್ಳಿಗೆ ಹೋಗಬೇಕು. ಟೆನೆಸ್ಸೀಯ ಹೊಲಮನೆ, ಮೂವರು ಅಣ್ಣಂದಿರು, ಮಾತು ಕಮ್ಮಿಯ ಗಟ್ಟಿ ತಂದೆ. ಹಗಲೆಲ್ಲ ದುಡಿತ, ಸಂಜೆ ಹುಲ್ಲಿನ ಅಟ್ಟದ ಮೇಲೆ ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್. ತಂದೆ ತನ್ನನ್ನು ಮೊದಲ ಸಲ ತಬ್ಬಿಕೊಂಡಾಗ ತನಗೆ 43 ವರ್ಷ, 1996ರ ಕಪ್ ಗೆದ್ದ ಮೇಲೆ ಎಂದು ಪ್ಯಾಟ್ ತಾವೇ ಹೇಳಿಕೊಂಡಿದ್ದರು. ಆಟಗಾರ್ತಿಯರ ನೆನಪಿನಲ್ಲಿ ಮಾತ್ರ ಪ್ಯಾಟ್ ಅಪ್ಪುಗೆಗೆ ಬರವಿಲ್ಲ.

ಶಿಕ್ಷೆಯೂ ಪ್ರೀತಿಯೂ ಒಟ್ಟಿಗೆ ಕಾಣುವ ಕಥೆ ಇನ್ನೊಬ್ಬ ಶಿಷ್ಯೆಯದು. ಕ್ಯಾಂಡಸ್ ಪಾರ್ಕರ್ ತವರೂರಿನ ಹತ್ತಿರ ಷಿಕಾಗೋದಲ್ಲಿ ಆಡಲು ಹೋದಾಗ ರಾತ್ರಿ ಹೊತ್ತು ಮೀರಿ ಕೋಣೆಗೆ ಬಂದಳೆಂದು ಪ್ಯಾಟ್ ಅರ್ಧ ಪಂದ್ಯ ಹೊರಗೆ ಕೂರಿಸಿದರು. ದೇಶದ ಅತ್ಯುತ್ತಮ ಆಟಗಾರ್ತಿ, ತನ್ನ ಜನರೆದುರು ಬೆಂಚಿನ ಮೇಲೆ. ಪ್ಯಾಟ್ ತೀರಿಕೊಂಡದ್ದು 2016ರ ಜೂನ್ 28ರಂದು, 64ನೇ ವಯಸ್ಸಿನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಾರ್ಕರ್ ಮೊದಲ ಬಾರಿ ಅಮೆರಿಕದ ವೃತ್ತಿಪರ ಲೀಗಿನ ಕಪ್ ಗೆದ್ದಾಗ ಟಿವಿಯವರು ಮೈಕು ಹಿಡಿದರು. ಪ್ಯಾಟ್ ಹೆಸರು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು, ಕಣ್ಣೀರು ಇಳಿಯಿತು. ಎರಡು ನುಡಿಯ ನಮನ. ಉದ್ದನೆಯ ಭಾಷಣಗಳನ್ನು ಕೇಳುವ ಮೊದಲು ಹೊಸಬರು ಇದನ್ನು ನೋಡಲಿ ಎಂದು ನನ್ನ ಸಲಹೆ.

ಈ ನೆನಪುಗಳಿಗೆ ಇನ್ನೊಂದು ಭಾರವಿದೆ. 2011ರ ಆಗಸ್ಟ್‌ನಲ್ಲಿ ತಮಗೆ ಆಲ್‌ಝೈಮರ್ ಬಗೆಯ ಮರೆವಿನ ರೋಗ ಶುರುವಾಗಿದೆ ಎಂದು ಪ್ಯಾಟ್ ಬಹಿರಂಗವಾಗಿ ಹೇಳಿದರು. ಆಗ ಅವರಿಗೆ 59. ಪ್ರತಿ ಆಟಗಾರ್ತಿಯ ಪ್ರತಿ ತಪ್ಪನ್ನೂ ನೆನಪಿಟ್ಟುಕೊಂಡಿದ್ದ ಮನಸ್ಸು ಮಸುಕಾಗತೊಡಗಿತ್ತು. ಹಾಗಾಗಿ ಆ ಕೊನೆಯ ವರ್ಷಗಳಲ್ಲಿ ಹಳೆಯ ಹುಡುಗಿಯರು ಬೈಸಿಕೊಂಡ ಕಥೆಗಳನ್ನು ಪ್ಯಾಟ್ ಮುಂದೆ ಹೇಳುವಾಗ ಅದು ಬರೀ ಹರಟೆಯಲ್ಲ. ನಿಮ್ಮದನ್ನು ನಾವು ಇಟ್ಟುಕೊಂಡಿದ್ದೇವೆ ಎಂದು ಒಪ್ಪಿಸುವ ರೀತಿ.

ರೋಗ ತಿಳಿದ ಮೇಲೂ ಒಂದು ಋತು ಪ್ಯಾಟ್ ತಂಡದ ಜೊತೆಗಿದ್ದರು. ಹೊಣೆಯ ಬಹುಪಾಲು ಹೊತ್ತವರು ಸಹಾಯಕಿ ಹಾಲಿ ವಾರ್ಲಿಕ್. ಈ ಹಾಲಿ 1976ರಲ್ಲಿ ಓಟಗಾರ್ತಿಯಾಗಿ ವಿದ್ಯಾರ್ಥಿವೇತನ ಪಡೆದು ಟೆನೆಸ್ಸೀಗೆ ಬಂದು, ಬ್ಯಾಸ್ಕೆಟ್‌ಬಾಲ್ ತಂಡಕ್ಕೂ ಸೇರಿಕೊಂಡ ಹುಡುಗಿ. ಬೈಸಿಕೊಂಡವರ ಮೊದಲ ತಲೆಮಾರು. ಆಟ ಮುಗಿದ ಮೇಲೆ ತಿರುಗಿ ಬಂದು 27 ವರ್ಷ ಪ್ಯಾಟ್ ಪಕ್ಕದಲ್ಲೇ ಕೂತವರು. 2012ರ ಏಪ್ರಿಲ್‌ನಲ್ಲಿ ಪತ್ರಕರ್ತರೆದುರು ಪ್ಯಾಟ್ ತಮ್ಮ ಸೀಟಿಯನ್ನು ಹಾಲಿಯ ಕೈಗಿಟ್ಟರು. ಆ ದೃಶ್ಯದ ವಿಡಿಯೋ ಸಿಕ್ಕಿದರೆ ಸದ್ದು ತೆಗೆದು ಹಾಲಿಯ ಮುಖ ಮಾತ್ರ ನೋಡಿ.